ಬಿಕ್ಕಳಿಕೆ ಯಾರ ಮಾತು ಕೇಳುತ್ತದೆ?

ಪಕ್ಕದ ಮನೆಯ ಹುಡುಗ ಇವತ್ತು ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ನಮ್ಮೂರು ಸುಳ್ಳದ ಅರ್ಧ ಓಣಿಗೆ ಕೇಳುವಂತೆ ಬಾಯಿಪಾಠ ನಡೆಸಿದ್ದ. "ಐಚ್ಛಿಕ ಸ್ನಾಯುಗಳು ನಮ್ಮ ಇಚ್ಛೆಯಂತೆ ನಡೆಯುತ್ತವೆ, ಅನೈಚ್ಛಿಕ ಸ್ನಾಯುಗಳು..." ಅಷ್ಟರಲ್ಲಿ ಬಿಕ್ಕಳಿಕೆ ಹತ್ತಿತು. "ಯಾರೋ ನೆನಸಾಕತ್ತಾರ, ನೀರು ಕುಡಿಯೋ" ಎಂದು ಅವರಜ್ಜಿ ಒಳಗಿಂದಲೇ ಕೂಗಿದರು. ಹುಡುಗ ನನ್ನ ಕಡೆ ತಿರುಗಿ, "ಕಾಕಾ, ಇದನ್ನ ಯಾವ ಕಡೆ ಬರೀಬೇಕ್ರಿ?" ಎಂದ.

ಒಳ್ಳೆಯ ಪ್ರಶ್ನೆ. ಕೇಳಿದಾಗಿನಿಂದ ನನಗೆ, ನಡುವೆ ಗೆರೆ ಎಳೆದು ಎಡಕ್ಕಿಷ್ಟು ಬಲಕ್ಕಿಷ್ಟು ಬರೆಸುವ ಆ 'ವ್ಯತ್ಯಾಸ ತಿಳಿಸಿ'ಯ ಮೇಲೇ ಸಿಟ್ಟು ಬಂದಿದೆ.

ಗರಡಿಮನೆಯ ಪೈಲವಾನನ ರಟ್ಟೆ ಐಚ್ಛಿಕ, ಕರುಳು ಅನೈಚ್ಛಿಕ, ಸರಿ. ಹೃದಯಕ್ಕೆ ರಟ್ಟೆಯ ಸ್ನಾಯುವಿನಂತೆಯೇ ಪಟ್ಟೆಗಳಿದ್ದರೂ ಅದು ಯಾರ ಅಪ್ಪಣೆಗೂ ಕಾಯದೆ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ರೊಟ್ಟಿಯ ತುತ್ತು ಅಗಿಯುವ ತನಕ ಅಧಿಕಾರ ನಮ್ಮದು, ಗಂಟಲು ದಾಟಿದರೆ ಮುಗಿಯಿತು.

ಗೆರೆ ಅಳಿಸಿಹೋಗುವುದು ವಪೆಯ ಹತ್ತಿರ. ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂತೆ ಬಾಗಿರುವ ಈ ಸ್ನಾಯು ರಟ್ಟೆಯ ಜಾತಿಯದೇ. ಬೇಕೆಂದಾಗ ಉಸಿರು ಬಿಗಿಹಿಡಿಯಬಹುದು. ಹಠ ಮಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ, ಮೆದುಳಿನ ಬುಡವೇ ಅಧಿಕಾರ ಕಸಿದುಕೊಂಡು ಉಸಿರಾಡಿಸುತ್ತದೆ. ನಿದ್ದೆಯಲ್ಲೂ ಅದರದೇ ಕಾರುಬಾರು. ವಪೆ ಇದ್ದಕ್ಕಿದ್ದಂತೆ ಸೆಟೆದು, ಒಳನುಗ್ಗುವ ಗಾಳಿಗೆ ಧ್ವನಿತಂತುಗಳು ಪಟ್ಟನೆ ಮುಚ್ಚಿದಾಗ ಬರುವ ಸದ್ದೇ ಬಿಕ್ಕಳಿಕೆ. ನೀರು ಗುಟುಕರಿಸುವಾಗ ಉಸಿರು ಕ್ಷಣಹೊತ್ತು ತಾನೇ ನಿಲ್ಲುತ್ತದೆ, ಹಾಗಾಗಿ ಅಜ್ಜಿಯ ಮದ್ದಿಗೂ ಅರ್ಥವಿದೆ.

ಉಸಿರಿನ ಮಾತು ಬಂದರೆ ಧಾರವಾಡ ಸೀಮೆಯವರು ಸಂಗೀತಕ್ಕೆ ಬಾರದೆ ಇರಲಾರೆವು. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮುಂದೆ ಕೂತು ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಪಳಗಿಸಿದ್ದು ಕಂಠವನ್ನಷ್ಟೇ ಅಲ್ಲ, ಉಸಿರನ್ನೂ. ಉಸಿರು ಎಳೆದುಕೊಳ್ಳುವುದು ಹಸುಗೂಸಿಗೂ ಬರುತ್ತದೆ, ಬಿಡುವುದೇ ವಿದ್ಯೆ. ಎಳೆದಾಗ ಕೆಳಗಿಳಿದ ವಪೆ ಒಮ್ಮೆಲೇ ಮೇಲೇರಿದರೆ ತಾನ್ ಅರ್ಧಕ್ಕೇ ತುಂಡಾಗುತ್ತದೆ. ಪಕ್ಕೆಲುಬು, ಹೊಟ್ಟೆಗಳ ಸ್ನಾಯುಗಳೊಡನೆ ಹೊಂದಿಸಿ ಅದನ್ನು ಹಿಡಿಹಿಡಿದು ಬಿಡಬೇಕು. ತಾನಾಗಿ ನಡೆಯುವುದನ್ನು ವರ್ಷಗಟ್ಟಲೆ ದುಡಿದು ತನ್ನದಾಗಿಸಿಕೊಳ್ಳುವ ಈ ರಿಯಾಜಿಗೆ ಯಾವ ಪಟ್ಟಿಯಲ್ಲಿ ಜಾಗ?

ಇದ್ದ ಉಸಿರೇ ಕಡಿಮೆಯಾದರೂ ಹಾಡಿದವರುಂಟು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಗಾಯಕ ಕುಮಾರ ಗಂಧರ್ವರ ಒಂದು ಶ್ವಾಸಕೋಶವನ್ನು ಕ್ಷಯ ಕೆಲಸಕ್ಕೆ ಬಾರದಂತೆ ಮಾಡಿತು. ದೇವಾಸದಲ್ಲಿ ಅವರು ವರ್ಷಗಟ್ಟಲೆ ಹಾಸಿಗೆ ಹಿಡಿದರು. ಎದ್ದ ಮೇಲೆ ಇದ್ದಷ್ಟೇ ಉಸಿರಿನಲ್ಲಿ, ಚಿಕ್ಕ ಚಿಕ್ಕ ಸ್ವರಗುಚ್ಛಗಳಲ್ಲಿ ರಾಗವನ್ನು ಹೊಸದಾಗಿ ಕಟ್ಟಿದರು. ಅವರ ನಿರ್ಗುಣಿ ಭಜನೆಗಳ ಧ್ವನಿಮುದ್ರಣ ಸುಲಭವಾಗಿ ಸಿಗುತ್ತದೆ. ಇವತ್ತು ಒಂದನ್ನಾದರೂ ಹಾಕಿಕೊಂಡು ಕೇಳಿ, ಎರಡು ಸಾಲುಗಳ ನಡುವೆ ಅವರು ಉಸಿರನ್ನು ಎಲ್ಲಿ ತೆಗೆದುಕೊಳ್ಳುತ್ತಾರೆ ಗಮನಿಸಿ.