ಕೈಗುಣ

ರೋಗವು ವಾಸಿಯಾದರೆ ವೈದ್ಯರ ಕೈಗುಣವೆಂದು ಜನರು ಹೊಗಳುವರು. ಔಷಧವನ್ನು ಬರೆದುಕೊಡುವ ಕೈಗೆ ಸಲ್ಲುವ ಈ ಕೀರ್ತಿಯು, ಅದನ್ನು ರೋಗಿಗೆ ಮುಟ್ಟಿಸುವ ಕೈಗೆ ಸಲ್ಲುವುದು ವಿರಳ. ಹಾರನಹಳ್ಳಿಯ ಒಂದು ಮನೆಯಲ್ಲಿ ನಡೆದ ಸಂಗತಿಯು ಈ ಮಾತಿಗೆ ನಿದರ್ಶನವಾಗಿದೆ.

ಆ ಮನೆಯ ವೃದ್ಧೆಯು, 1235ರ ಸುಮಾರಿನಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ ಸೋಮೇಶ್ವರ ದೇವಾಲಯಕ್ಕೆ ಸೋಮವಾರ ಸೋಮವಾರವೂ ನಡೆದು ಹೋಗುತ್ತಿದ್ದವರು. ಉಬ್ಬಸವು ಬಲಿತ ಮೇಲೆ ಹೊಸಿಲು ದಾಟುವುದೂ ಕಷ್ಟವಾಯಿತು. ಮಾಗಿಯ ರಾತ್ರಿಗಳನ್ನು ದಿಂಬಿಗೊರಗಿ ಕುಳಿತೇ ಕಳೆಯುವರು. ಉಸಿರಿನೊಡನೆ ಸೇದಿಕೊಳ್ಳುವ ಔಷಧವನ್ನು ವೈದ್ಯರು ಕೊಟ್ಟಿದ್ದರು. ಸೊಸೆಯು ದಿನಕ್ಕೆರಡು ಬಾರಿ ಆ ಇನ್‌ಹೇಲರನ್ನು ತಪ್ಪದೆ ಅತ್ತೆಯ ಬಾಯಿಗಿಟ್ಟು ಒತ್ತುತ್ತಿದ್ದಳು. ತಿಂಗಳು ಕಳೆದರೂ ಗುಣವಿಲ್ಲ. ಸಾಲದುದಕ್ಕೆ ನಾಲಗೆಯ ಮೇಲೆ ಬಿಳಿಯ ಪೊರೆ ಕಟ್ಟಿ ಅನ್ನವೂ ಸೇರದಾಯಿತು.

“ಇನ್ನು ಸಾಕು ತಾಯಿ, ನಿನಗೂ ಆಯಾಸ” ಎಂದರು ವೃದ್ಧೆ. ಸೊಸೆಯು ಅಡಿಗೆಯ ಮನೆಗೆ ಹೋಗಿ ಕಣ್ಣೊರಸಿಕೊಂಡಳು.

ಮರುದಿನ ಮನೆಗೆ ಬಂದ ದಾದಿಯೊಬ್ಬರು, “ದಿನವೂ ಕೊಡುವ ಹಾಗೆಯೇ ಒಮ್ಮೆ ಕೊಡಿರಮ್ಮ, ನೋಡೋಣ” ಎಂದರು. ದೋಷವು ಒಡನೆಯೇ ಗೋಚರಿಸಿತು. ಸೊಸೆಯು ಒತ್ತಿ ಮುಗಿಸಿದ ಮೇಲೆ ಅತ್ತೆಯು ಉಸಿರೆಳೆಯುತ್ತಿದ್ದರು. ಔಷಧವು ಬಾಯಲ್ಲಿಯೂ ಗಂಟಲಲ್ಲಿಯೂ ಉಳಿದು, ಶ್ವಾಸಕೋಶಕ್ಕೆ ಸೇರುತ್ತಿದ್ದುದು ಅತ್ಯಲ್ಪ. ದಾದಿಯು ಕ್ರಮವನ್ನು ಕಲಿಸಿದರು: ರೋಗಿಯನ್ನು ನೆಟ್ಟಗೆ ಕುಳ್ಳಿರಿಸಿ, ಡಬ್ಬಿಯನ್ನು ಕುಲುಕಿ, ಮೊದಲು ಉಸಿರನ್ನು ಹೊರಬಿಡಿಸಬೇಕು, ತುಟಿಗಳನ್ನು ಬಿಗಿಮಾಡಿಸಿ, ಉಸಿರು ನಿಧಾನವಾಗಿ ಒಳಸೇರತೊಡಗಿದ ಕ್ಷಣದಲ್ಲಿಯೇ ಒತ್ತಬೇಕು, 10 ಎಣಿಸುವವರೆಗೆ ಉಸಿರು ಹಿಡಿಸಬೇಕು, ಎರಡನೆಯ ಸಲಕ್ಕೆ ಅರ್ಧ ನಿಮಿಷವಾದರೂ ತಡೆಯಬೇಕು, ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಿಸಬೇಕು. ನಾಲಗೆಯ ಪೊರೆಯನ್ನು ವೈದ್ಯರಿಗೆ ತೋರಿಸಬೇಕೆಂದೂ ಹೇಳಿದರು.

ಹೊರಗೆ ಹಚ್ಚುವ ಮದ್ದಿಗೂ ಇದೇ ನ್ಯಾಯ. ಲೇಪವನ್ನು ರೋಮಗಳಿಗೆ ಇದಿರಾಗಿ ಹಚ್ಚಬೇಕೆಂದೂ, ಒಣಗಿದುದನ್ನು ಸಾಮಾನ್ಯವಾಗಿ ಉಳಿಸಬಾರದೆಂದೂ ಸುಶ್ರುತನು ವಿಧಿಸಿದನು. ಇಂದಿನ ದಾದಿಯರು, ರೋಮದ ಬುಡವು ಕೆರಳದಿರಲೆಂದು, ಮುಲಾಮನ್ನು ರೋಮಗಳ ದಿಕ್ಕಿಗೇ ಸವರುವರು. ವಿಧಿಯು ಬೇರೆ; ಎಚ್ಚರವು ಒಂದೇ. ಕಣ್ಣಿನ ಹನಿಯನ್ನು ಪಾಪೆಯ ಮೇಲೆ ಬಿಡದೆ, ಕೆಳರೆಪ್ಪೆಯನ್ನು ಎಳೆದು ಅಲ್ಲಿ ಬಿಡುವುದೂ, ಔಷಧದ ಹೊಸ ಪಟ್ಟಿಯನ್ನು ಅಂಟಿಸುವ ಮುನ್ನ ಹಳೆಯದನ್ನು ತೆಗೆಯುವುದೂ ಆ ಎಚ್ಚರದ ರೂಪಗಳೇ.

ಚರಕನು ವೈದ್ಯ, ಔಷಧ, ರೋಗಿ ಇವರೊಡನೆ ಪರಿಚಾರಕನನ್ನೂ ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಒಂದೆಂದು ಎಣಿಸಿ, ಉಪಚಾರದ ಅರಿವು, ದಕ್ಷತೆ, ಅನುರಾಗ, ಶುಚಿತ್ವಗಳೆಂಬ ನಾಲ್ಕು ಗುಣಗಳನ್ನು ಅವನಿಗೆ ಹೇಳಿದ್ದಾನೆ. ಸೊಸೆಯಲ್ಲಿ ಅನುರಾಗಕ್ಕೆ ಕೊರತೆಯಿರಲಿಲ್ಲ; ಇಲ್ಲದಿದ್ದುದು ಅರಿವು ಮಾತ್ರ. ಅರಿವಿಲ್ಲದ ಅನುರಾಗವು ರೋಗಿಯೊಡನೆ ತಾನೂ ಬಳಲುವುದು.

ಯುಗಾದಿಯ ವೇಳೆಗೆ ವೃದ್ಧೆಯು ಸೊಸೆಯ ಕೈಹಿಡಿದು ಸೋಮೇಶ್ವರನ ಗುಡಿಗೆ ಹೋಗಿಬಂದರು. ನೆರೆಯವರು ವೈದ್ಯರ ಕೈಗುಣವನ್ನು ಕೊಂಡಾಡಿದರು. ಸೊಸೆಯು ಮರುಮಾತಾಡಲಿಲ್ಲ. ಅಂದಿನ ಸಂಜೆಯೂ ಅತ್ತೆಯ ಬೆನ್ನಿಗೆ ಕೈಯಿಟ್ಟು, ತಾನೂ ಉಸಿರನ್ನು ಹಿಡಿದು, ಮನಸ್ಸಿನಲ್ಲಿಯೇ ಹತ್ತರವರೆಗೆ ಎಣಿಸಿದಳು.