ಮೊಳೆ ಎಲ್ಲಿ ಹೊಡೆಯಬೇಕು

ಕಾಚಿಗೂಡದ ನಮ್ಮ ಮನೆಗೆ ಮದುವೆ-ಮುಂಜಿಗೆ ಬಂದು ಇಳಿದುಕೊಂಡವರಿಗಿಂತ ಆಸ್ಪತ್ರೆಗೆ ಬಂದು ಇಳಿದುಕೊಂಡವರೇ ಹೆಚ್ಚು. ಇಲ್ಲಿನ ಅನೇಕ ಕನ್ನಡದ ಮನೆಗಳ ಕಥೆ ಇದೇ. ರಾಯಚೂರು, ಯಾದಗಿರಿ, ಬೀದರ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ. 1953ರಲ್ಲಿ ಶುರುವಾದ ನಿಲೋಫರ್ ಮಕ್ಕಳ ಆಸ್ಪತ್ರೆಯ ಹೆಸರು ಆ ಕಡೆಯ ಅಜ್ಜಿಯರಿಗೂ ಗೊತ್ತು. ಹೀಗಾಗಿ ನಮ್ಮ ಹೊರಕೋಣೆಯ ಮಂಚ ಖಾಲಿ ಇದ್ದದ್ದು ಕಡಿಮೆ.

ಎರಡು ವರ್ಷದ ಹಿಂದೆ ಆ ಮಂಚದ ಮೇಲೆ ಹನ್ನೊಂದು ದಿನ ಇದ್ದವರು ಮಾನ್ವಿ ಕಡೆಯ ನೆಂಟರ ಹುಡುಗಿ ಮತ್ತು ಅವಳ ಎರಡು ತಿಂಗಳ ಕೂಸು. ದಿನ ತುಂಬುವ ಮೊದಲೇ ಹುಟ್ಟಿದ ಮಗು. ಉಸಿರಾಟ ಸರಿಹೋಗಿತ್ತು, ತೂಕವೂ ಏರುತ್ತಿತ್ತು, ಆದರೆ ಚೀಪಿ ನುಂಗುವ ಶಕ್ತಿ ಬಂದಿರಲಿಲ್ಲ. ನಗರದ ಒಂದು ಖಾಸಗಿ ಆಸ್ಪತ್ರೆಯವರು ಮೂಗಿನ ಟ್ಯೂಬಿನ ಸಮೇತ ಮನೆಗೆ ಕಳಿಸಿದರು. ಬಿಲ್ಲು ಏರುತ್ತಿದ್ದದ್ದರಿಂದ ಮನೆಯವರಿಗೂ ಅದೇ ಬೇಕಾಗಿತ್ತು. ಹಾಲು ಹಾಕುವುದನ್ನು ಒಮ್ಮೆ ಮಾಡಿ ತೋರಿಸಿ, ಕೈಗೊಂದು ಚೀಟಿ ಕೊಟ್ಟಿದ್ದರು. ಚೀಟಿಯ ಒಂದು ಮಗ್ಗುಲು ಇಂಗ್ಲಿಷು, ಇನ್ನೊಂದು ಮಗ್ಗುಲು ತೆಲುಗು. ಹುಡುಗಿ ಓದಬಲ್ಲದ್ದು ಕನ್ನಡ ಮಾತ್ರ.

ಮೊದಲ ರಾತ್ರಿಯೇ ಕೂಸು ಕೈಯಾಡಿಸಿ ಪ್ಲಾಸ್ಟರು ಕಿತ್ತುಕೊಂಡಿತು. ಟ್ಯೂಬು ಸರಿದಿದೆಯೋ ಇಲ್ಲವೋ ಯಾರಿಗೂ ತಿಳಿಯದು. ತುದಿ ಹೊಟ್ಟೆಯಲ್ಲಿರದೆ ಉಸಿರಿನ ದಾರಿಗೆ ಹೋಗಿದ್ದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಕೂಸು ಹಸಿವಿನಿಂದ ಅಳುತ್ತಿತ್ತು. ತಾಯಿ ಹಿಂಡಿದ ಹಾಲಿನ ಬಟ್ಟಲು ಹಿಡಿದುಕೊಂಡು ಕೂತಿದ್ದಳು.

ನನ್ನ ಅಕ್ಕನ ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಇಲ್ಲೇ ಬೇರೊಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿದ್ದಳು. ಫೋನ್ ಹಚ್ಚಿದೆ. "ಹಾಲು ಹಾಕಬ್ಯಾಡ್ರಿ ಚಿಗವ್ವ, ಬಂದೆ" ಎಂದವಳು ಬರ್ಕತ್‌ಪುರದ ಹಾಸ್ಟೆಲಿನಿಂದ ಸ್ಕೂಟಿಯಲ್ಲಿ ಬಂದೇಬಿಟ್ಟಳು. ಹಳೆಯ ಟ್ಯೂಬು ತೆಗೆದು, ಹೊಸದನ್ನು ಮೂಗಿನ ತುದಿಯಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಮೂಳೆಯ ತುದಿ ಮತ್ತು ಹೊಕ್ಕುಳಿನ ನಡುವಿನವರೆಗೆ ಅಳೆದು ಗುರುತು ಹಾಕಿ ಇಳಿಸಿದಳು. ಸಿರಿಂಜಿನಲ್ಲಿ ಒಂದು ತೊಟ್ಟು ಎಳೆದು ಪಿಎಚ್ ಕಾಗದಕ್ಕೆ ಮುಟ್ಟಿಸಿದಳು. 5.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅದು ಹೊಟ್ಟೆಯ ಹುಳಿ. ಗಾಳಿ ಬಿಟ್ಟು ಸ್ಟೆತಸ್ಕೋಪಿನಲ್ಲಿ ಸದ್ದು ಕೇಳುವ ಹಳೆಯ ಪದ್ಧತಿಯನ್ನು ನಂಬಬೇಡಿರೆಂದು ಬ್ರಿಟನ್ನಿನಲ್ಲಿ 2005ರಲ್ಲೇ ಎಚ್ಚರಿಸಿದ್ದಾರಂತೆ.

ಆಮೇಲೆ ದಿನಾ ಬಂದಳು. ಕ್ಯಾಲೆಂಡರಿನ ಹಿಂಬದಿಗೆ ಎಲ್ಲವನ್ನೂ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದಳು. ತಾನು ಮಾಡುವುದನ್ನು ಬಿಟ್ಟು ತಾಯಿಯ ಕೈಯಿಂದ ಮಾಡಿಸಿದಳು. ಟ್ಯೂಬಿನಲ್ಲಿ ಹಾಲು ಇಳಿಯುವಾಗ ಕೂಸಿನ ಬಾಯಿ ಎದೆಗೆ ಹಚ್ಚಿಸಿದಳು, ಚೀಪಿದರೆ ಹೊಟ್ಟೆ ತುಂಬುತ್ತದೆಂದು ಅದಕ್ಕೆ ಗೊತ್ತಾಗಲೆಂದು. ಜೇನು ನೆಕ್ಕಿಸಲು ಕಾದಿದ್ದ ಅಜ್ಜಿಯನ್ನು ಜಗಳವಿಲ್ಲದೆ ಒಪ್ಪಿಸಿದಳು. ನನಗೆ ಅದೇ ದೊಡ್ಡ ವಿದ್ಯೆಯಾಗಿ ಕಂಡಿತು. ಮಾನ್ವಿಯ ಮನೆಯಲ್ಲಿ ಸಿರಿಂಜು ತೂಗುಹಾಕಲು ಮೊಳೆ ಎಷ್ಟು ಎತ್ತರದಲ್ಲಿರಬೇಕೆಂದೂ ಹೇಳಿಕೊಟ್ಟಳು. "ವಾರ್ಡಿನಾಗ ಸ್ಟ್ಯಾಂಡ್ ಇರ್ತದ ಚಿಗವ್ವ. ಮೊಳಿ ಎಲ್ಲಿ ಹೊಡೀಬೇಕು ಅಂತ ನನಗ ಯಾರೂ ಕಲಿಸಿಲ್ಲ."

ಅದೇ ವರ್ಷ ಅವಳು ಎಂ.ಎಸ್ಸಿ.ಗೆ ಅರ್ಜಿ ಹಾಕಬೇಕಿತ್ತು. ನಮ್ಮ ದೇಶದಲ್ಲಿ ನರ್ಸಿಂಗಿನ ಸ್ನಾತಕೋತ್ತರ ಪದವಿ ಹೊಸದಲ್ಲ, ದಿಲ್ಲಿಯ ರಾಜಕುಮಾರಿ ಅಮೃತ್ ಕೌರ್ ಕಾಲೇಜಿನಲ್ಲಿ 1959ರಲ್ಲೇ ಆರಂಭವಾಯಿತು. ಎರಡು ವರ್ಷದ ಓದು, ಐದು ಶಾಖೆ. ಅದರಲ್ಲಿ ಮಕ್ಕಳದ್ದು ಒಂದು, ಸಮುದಾಯದ್ದು ಇನ್ನೊಂದು. ಮಕ್ಕಳ ಶಾಖೆಯ ತೂಕ ವಾರ್ಡು, ಐಸಿಯುಗಳ ಕಡೆ. ಸಮುದಾಯದ ಶಾಖೆಯಲ್ಲಿ ಬಾಣಂತಿ, ಕ್ಷಯ, ಮುಪ್ಪು ಎಲ್ಲ ಇದ್ದು, ಮಗು ಅದರಲ್ಲೊಂದು ಪಾಠ. ಬ್ರಿಟನ್ನಿನಲ್ಲಿ ಇವೆರಡೂ ಕೂಡುವ ಜಾಗಕ್ಕೇ ಒಂದು ಓದು ಇದೆ. ನರ್ಸಾಗಿ ನೋಂದಾಯಿಸಿಕೊಂಡವರು ಪದವಿಯ ಮೇಲೆ ಸಮುದಾಯದ ಮಕ್ಕಳ ನರ್ಸಿಂಗನ್ನೇ ವಿಶೇಷವಾಗಿ ಕಲಿತು, ಟ್ಯೂಬು, ಆಮ್ಲಜನಕ ಇಟ್ಟುಕೊಂಡು ಬದುಕುವ ಮಕ್ಕಳ ಮನೆಗೆ ಹೋಗುತ್ತಾರೆ. ಆ ಅರ್ಹತೆಯ ಮಾನದಂಡಗಳನ್ನು ಅಲ್ಲಿನ ನರ್ಸಿಂಗ್ ಮಂಡಳಿ 2022ರಲ್ಲಿ ಹೊಸದಾಗಿ ಬರೆಯಿತು.

ನಮ್ಮಲ್ಲಿ ಮನೆಗೆ ಹೋಗುವವರೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಗಡಚಿರೋಲಿಯಲ್ಲಿ ಅಭಯ್ ಮತ್ತು ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೆ ತರಬೇತಿ ಕೊಟ್ಟು ನವಜಾತ ಶಿಶುಗಳ ಸಾವನ್ನು ಶೇ. 62ರಷ್ಟು ಇಳಿಸಿದ್ದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅದೇ ದಾರಿಯಲ್ಲಿ ಇಂದು ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ಆಶಾ ಕಾರ್ಯಕರ್ತೆ 3ನೇ ದಿನದಿಂದ 42ನೇ ದಿನದೊಳಗೆ ಆರು ಸಲ ಮನೆಗೆ ಹೋಗಿ ನೋಡುತ್ತಾಳೆ. ತೂಕ, ಜ್ವರ, ಹೊಕ್ಕುಳು ನೋಡುವುದು ಅವಳಿಗೆ ಗೊತ್ತು. ಟ್ಯೂಬಿಟ್ಟ ಕೂಸಿನ ಭಾರವನ್ನೂ ಅವಳ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಅವಳು ಕರೆದರೆ ಬರುವ ನರ್ಸೊಬ್ಬಳು ತಾಲ್ಲೂಕಿನಲ್ಲಿ ಇರಬೇಕು.

ನಮ್ಮ ಹುಡುಗಿ ಸಮುದಾಯದ ಶಾಖೆ ಆರಿಸಿಕೊಂಡಳು. "ಮನಿ ಮನಿ ತಿರುಗಲಿಕ್ಕ ಎಂ.ಎಸ್ಸಿ. ಯಾಕ ಬೇಕು?" ಎಂದು ಅಕ್ಕ ಮೂರು ತಿಂಗಳು ಮುನಿಸಿಕೊಂಡಿದ್ದಳು. ಅವಳ ಮಾತಿನಲ್ಲೂ ಹುರುಳಿತ್ತು. ಓದು ಮುಗಿಸಿದರೆ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಗಬಹುದು, ಮನೆಮನೆಗೆ ಹೋಗುವ ಹುದ್ದೆಗೆ ಕರೆಯುವವರು ಯಾರು?

ಮಾನ್ವಿಯ ಕೂಸಿನ ಟ್ಯೂಬು ಐದು ವಾರಕ್ಕೆ ತೆಗೆದರು. ಈಗ ಅದು ರೊಟ್ಟಿ ಮುರಿದು ಹಾಲಿನಲ್ಲಿ ಅದ್ದಿ ತಿನ್ನುತ್ತದೆ. ಇವಳು ಎರಡನೇ ವರ್ಷದಲ್ಲಿದ್ದಾಳೆ. ಪ್ರಬಂಧಕ್ಕೆ ಆರಿಸಿಕೊಂಡ ವಿಷಯ ಟ್ಯೂಬಿನೊಂದಿಗೆ ಮನೆಗೆ ಮರಳಿದ ಮಕ್ಕಳ ಆರೈಕೆ. ಅಂಥ ಮಕ್ಕಳ ಪಟ್ಟಿ ಎಲ್ಲಿ ಸಿಗುತ್ತದೆಂದು ಗೈಡು ಕೇಳಿದರಂತೆ. ಈಗ ಒಂದೊಂದೇ ಆಸ್ಪತ್ರೆಗೆ ಹೋಗಿ ಡಿಸ್ಚಾರ್ಜ್ ರಿಜಿಸ್ಟರು ನೋಡಲು ಅನುಮತಿ ಕೇಳುತ್ತಿದ್ದಾಳೆ.