ಮಿರ್ಚಿ ಕರಿಯುವ ಸದ್ದು

1986ರಲ್ಲಿ ನಾನು ಹುಬ್ಬಳ್ಳಿಯಲ್ಲಿ ಐಟಿಐ ಸೇರಿದಾಗ ವೆಲ್ಡರ್ ಅನ್ನುವುದು ಯಾರೂ ಕೇಳಿ ಪಡೆಯುವ ಟ್ರೇಡಾಗಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವರು ಫಿಟರ್, ಎಲೆಕ್ಟ್ರಿಷಿಯನ್ ಅಂತ ಎರಡು ವರ್ಷದ ಕೋರ್ಸಿಗೆ ಹೋಗುತ್ತಿದ್ದರು. ನಮ್ಮದು ಒಂದೇ ವರ್ಷ, ಎಂಟನೇತ್ತೆ ಮುಗಿಸಿದ್ದರೂ ಸಾಕು. ಹತ್ತನೇತ್ತೆಯಲ್ಲಿ ಗಣಿತ ಹೋಗಿದ್ದ ನನಗೆ ಬೇರೆ ದಾರಿಯೂ ಇರಲಿಲ್ಲ. ಅಪ್ಪ ಲೆಕ್ಕ ಹಾಕಿದ್ದು ಬೇರೆ ಥರ: "ಒಂದ ವರ್ಷದಾಗ ಮುಗೀತೈತಿ, ಇನ್ನೊಂದ ವರ್ಷದ ಬಸ್ ಪಾಸ್ ಉಳೀತು."

ವರ್ಕ್‌ಶಾಪಿನ ಹಿಂದೆ ಒಂದು ಅಸಿಟಿಲಿನ್ ಜನರೇಟರ್ ಇತ್ತು. ಹೆಸರು ದೊಡ್ಡದು, ನೋಡಲು ನೀರು ತುಂಬಿದ ಕಬ್ಬಿಣದ ಡ್ರಮ್ಮು. ಒಳಗೆ ಕಾರ್ಬೈಡ್ ಕಲ್ಲು ನೀರಿಗೆ ಬಿದ್ದ ಕೂಡಲೇ ಬುಸುಗುಟ್ಟಿ ಗ್ಯಾಸ್ ಏಳುತ್ತಿತ್ತು, ಕೊಳೆತ ಬೆಳ್ಳುಳ್ಳಿಯ ನಾತ ಗೇಟಿನ ತನಕ ಬರುತ್ತಿತ್ತು. ಅಂಗಿ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಕಾರ್ಬೈಡ್ ಕರಗಿದ ಮೇಲೆ ತಳದಲ್ಲಿ ಉಳಿಯುವುದು ಬಿಳಿ ರಾಡಿ, ಅಂದರೆ ಸುಣ್ಣವೇ. ಜನವರಿ 26 ಹತ್ತಿರ ಬಂತೆಂದರೆ ಅದನ್ನು ಬಕೆಟ್ಟಿನಲ್ಲಿ ಎತ್ತಿ ಕಾಂಪೌಂಡಿನ ಗಿಡಗಳ ಬುಡಕ್ಕೂ ಗೋಡೆಗೂ ಬಳಿಯುವುದು ನಮ್ಮ ಪಾಲಿನ ಕೆಲಸ. ಫಿಟರ್ ಹುಡುಗರು ಕಿಟಕಿಯಲ್ಲಿ ನಿಂತು, "ವೆಲ್ಡರ್ ಸಾಹೇಬ್ರು ಸುಣ್ಣಾ ಹಚ್ಚೋದರಾಗ ಫಸ್ಟ್ ಕ್ಲಾಸ್" ಅನ್ನುತ್ತಿದ್ದರು. ಮುಂದೆ ಸಿಲಿಂಡರ್‌ನಲ್ಲಿ ತುಂಬಿಸಿದ ಅಸಿಟಿಲಿನ್, ಅಂದರೆ ಡಿಎ ಗ್ಯಾಸೇ ಎಲ್ಲ ಕಡೆ ಬಂದು ಆ ಡ್ರಮ್ಮು ಮೂಲೆಗೆ ಬಿತ್ತು. ಅಸಿಟಿಲಿನ್ನಿನದು ಕೆಂಗಂದು ಬಣ್ಣದ ಸಿಲಿಂಡರು, ಆಕ್ಸಿಜನ್ನಿನದು ಕರೇದು. ಅಸಿಟಿಲಿನ್ನಿನ ನಟ್ಟು ಬಿಗಿಯಾಗುವುದು ಎಡಕ್ಕೆ, ಆಕ್ಸಿಜನ್ನಿನದು ಬಲಕ್ಕೆ. ಕತ್ತಲಲ್ಲಿ ಕೈ ತಪ್ಪಿದರೂ ಪೈಪು ತಪ್ಪಬಾರದು ಅಂತ. ಈ ಏರ್ಪಾಡು ಮಾಡಿದವನ ಮೇಲೆ ನನಗೆ ಈಗಲೂ ಗೌರವ.

ನಮ್ಮ ಸರ್ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ಬಂದವರು. ಬೋರ್ಡಿನ ಮೇಲೆ ಬರೆಸಿದ್ದು ಕಡಿಮೆ. ಹತ್ತು ನಂಬರ್ ರಾಡ್ ದಿನಕ್ಕೆ ಐದು ಎಣಿಸಿ ಕೊಡುತ್ತಿದ್ದರು. ಕೋರ್ಸಿನ ಪುಸ್ತಕದಲ್ಲಿ ಅದು 3.15 ಮಿ.ಮೀ. ಎಲೆಕ್ಟ್ರೋಡ್, ಗೋಕುಲ ರೋಡಿನ ಅಂಗಡಿಗಳಲ್ಲಿ ಆಗಲೂ ಈಗಲೂ ಹತ್ತು ನಂಬರೇ. ಸಂಜೆ ಐದೂ ರಾಡಿನ ಉಳಿದ ತುಂಡು ವಾಪಸ್ ಕೊಡಬೇಕು. ತುಂಡು ಎರಡು ಇಂಚಿಗಿಂತ ಉದ್ದ ಇದ್ದರೆ ಬೈಗುಳ, ಒಂದು ತುಂಡು ಕಮ್ಮಿ ಬಿದ್ದರೆ ಮರುದಿನ ನಾಲ್ಕೇ ರಾಡು. ಪ್ಲೇಟಿಗೂ ಅದೇ ಕಷ್ಟ. ಒಂದು ಮಗ್ಗುಲು ತುಂಬಿದರೆ ತಿರುವಿ ಹಾಕಿ ಬೆನ್ನ ಮೇಲೆ ಬೀಡು, ಅಂದರೆ ಬೆಸುಗೆಯ ಗೆರೆ, ಎಳೆಯಬೇಕು, ಅದೂ ತುಂಬಿದರೆ ಬೀಡಿನ ಮೇಲೆ ಬೀಡು. ಕಡೆಕಡೆಗೆ ಪ್ಲೇಟು ಉತ್ತ ಹೊಲದ ಹಾಗೆ ಕಾಣುತ್ತಿತ್ತು.

ಮೊದಲ ವಾರ ನನ್ನ ರಾಡು ಪ್ಲೇಟಿಗೆ ಅಂಟಿಕೊಳ್ಳುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ. ಹೋಲ್ಡರ್ ಹಿಡಿದು ಎಳೆದಾಡುತ್ತಿದ್ದೆ. ಸರ್ ಹಿಂದೆ ಬಂದು ನಿಂತು ಹೇಳಿದರು: "ಕಣ್ಣ ಮುಚ್ಚಿದ್ರೂ ನಡೀತೈತಿ, ಕಿವಿ ಕೊಡಲೇ. ಮಿರ್ಚಿ ಕರದಂಗ ಕೇಳಬೇಕು. ಎಣ್ಣಿ ತಣ್ಣಗಿದ್ರ ಮಿರ್ಚಿ ಸುಮ್ನ ಕುಂದರ್ತೈತಿ, ಭಾಳ ಕಾದ್ರ ಸಿಡೀತೈತಿ. ಎರಡೂ ಬ್ಯಾಡ." ಕರೆಂಟು ಕಮ್ಮಿಯಾದರೆ ರಾಡು ತೊದಲಿ ಅಂಟುತ್ತದೆ. ರಾಡು ಪ್ಲೇಟಿನಿಂದ ದೂರ ಸರಿದರೆ ಸದ್ದು ಪೊಳ್ಳಾಗಿ, ಕಿಡಿ ಚದುರಿ, ಬೀಡು ಅಗಲಕ್ಕೆ ಹರಡುತ್ತದೆ. ಸರಿಯಾದ ದೂರದಲ್ಲಿ ಮಾತ್ರ ಆ ಒಂದೇ ಸಮನಾದ ಚಟಪಟ. ನನ್ನ ಮಟ್ಟಿಗೆ ವೆಲ್ಡಿಂಗ್ ಬಂದದ್ದು ಕೈಗಲ್ಲ, ಕಿವಿಗೆ. ಒಂದು ಮಧ್ಯಾಹ್ನ ಆ ಸದ್ದು ಅರ್ಧ ರಾಡಿನ ತನಕ ತುಂಡಾಗದೆ ಬಂತು. ಬಡಿದು ನೋಡಿದರೆ ಮೇಲೆ ಕಟ್ಟಿದ ಕಿಟ್ಟ, ಅಂದರೆ ಸ್ಲ್ಯಾಗ್, ಹುಣಸೆಕಾಯಿಯ ಸಿಪ್ಪೆಯಂತೆ ಇಡಿಯಾಗಿ ಕಳಚಿತು. ಅಡಿಯಲ್ಲಿ ಮೀನಿನ ಪೊರೆ ಹೊದಿಸಿದಂಥ ಬೀಡು. ಸರ್ ನೋಡಿ ಏನೂ ಅನ್ನಲಿಲ್ಲ, ಆರನೇ ರಾಡು ಕೊಟ್ಟರು.

ಕೋರ್ಸು ಮುಗಿದ ಮೇಲೆ ಸೇರಿದ್ದು ಗೇಟು, ಗ್ರಿಲ್ಲು, ರೋಲಿಂಗ್ ಶಟರ್ ಮಾಡುವ ಶೆಡ್ಡಿಗೆ. ಐಟಿಐಯಲ್ಲಿ ಶೀಲ್ಡಿಗೆ ಹನ್ನೊಂದು ನಂಬರಿನ ಗಾಜು ಇರಬೇಕೆಂದು ಕಲಿಸಿದ್ದರು. ಇಲ್ಲಿ ಇಬ್ಬರಿಗೆ ಒಂದು ಶೀಲ್ಡು, ಅದರ ಗಾಜು ಸೀಳಿತ್ತು. "ಟ್ಯಾಕ್ ಹೊಡಿಯೋದಕ್ಕ ಶೀಲ್ಡ್ ಯಾಕ, ಕಣ್ಣ ಮುಚ್ಚಿ ಹೊಡಿ" ಅಂತ ಮಾಲಕ. ದಿನವೆಲ್ಲ ಏನೂ ಆಗಲಿಲ್ಲ. ನಡುರಾತ್ರಿ ಕಣ್ಣಿಗೆ ಯಾರೋ ಮರಳು ತುಂಬಿದಂತಾಗಿ ಎದ್ದು ಕುಳಿತೆ, ನೀರು ಧಾರಾಕಾರ. ಅವ್ವ ಬಟಾಟಿ ಹೋಳು ಮಾಡಿ ರೆಪ್ಪೆಯ ಮೇಲಿಟ್ಟಳು. ತಂಪೆನಿಸಿತು ಅಷ್ಟೇ. ಆರ್ಕಿನ ನೇರಳಾತೀತ ಕಿರಣ ಕಣ್ಣಿನ ಮೇಲ್ಪದರ ಸುಟ್ಟಿರುತ್ತದೆ, ಅದು ಮತ್ತೆ ಬೆಳೆಯುವ ತನಕ ಉರಿ. ಎರಡು ದಿನದ ಪಗಾರ ಕಟ್ಟಾಯಿತು. ಕಣ್ಣೇನೋ ಸರಿಹೋಯಿತು. ಆ ಶೆಡ್ಡಿನಲ್ಲಿ ಮಗ್ಗುಲಲ್ಲೇ ಹಗಲೆಲ್ಲ ಗ್ರೈಂಡರ್ ಓಡುತ್ತಿತ್ತು, ಅದನ್ನು ಮಾತ್ರ ಯಾರೂ ತೊಂದರೆ ಅಂತ ಎಣಿಸಲಿಲ್ಲ.

ಆಗಿನ ಮಷಿನ್ನು ಎಣ್ಣೆ ತುಂಬಿದ ಟ್ರಾನ್ಸ್‌ಫಾರ್ಮರ್. ಸೈಟಿಗೆ ಒಯ್ಯಬೇಕಾದರೆ ಕೈಗಾಡಿ, ನಾಲ್ಕು ಜನ. ಅದಕ್ಕೇ ನಾವು ಹೋದಲ್ಲಿ ಒಂದು ಗುಂಪಾಗಿಯೇ ಹೋಗುತ್ತಿದ್ದೆವು, ಚಹಾ ನಾಲ್ಕು ಬರುತ್ತಿತ್ತು. ಆಮೇಲೆ ಬಂತು ಇನ್ವರ್ಟರ್. ಹೆಗಲಿಗೆ ಪಟ್ಟಿ ಹಾಕಿಕೊಂಡು ಶಾಲೆಯ ಚೀಲದ ಹಾಗೆ ಒಯ್ಯಬಹುದು, ಮನೆಯ ಪ್ಲಗ್ಗಿಗೇ ಚುಚ್ಚಿ ಸಣ್ಣ ರಾಡು ಹೊಡೆಯಬಹುದು. ಒಬ್ಬನೇ ಬೈಕಿನ ಮೇಲೆ ಬಂದು ಗೇಟು ಕೂರಿಸಿ ಹೋಗತೊಡಗಿದ. ಬೆನ್ನಿಗೆ ಸುಖ, ಆದರೆ ಹೆಲ್ಪರ್ ಆಗಿ ನಿಂತು ನೋಡಿ ಕಲಿಯುವವರ ಜಾಗ ಹೋಯಿತು. ಕಾರ್ಖಾನೆಗಳಲ್ಲಿ ಸಿಓಟೂ ವೆಲ್ಡಿಂಗ್ ಬಂದ ಮೇಲೆ ರಾಡು ಬದಲಿಸುವ ಕೆಲಸವೇ ಇಲ್ಲ, ವೈರು ತಾನಾಗಿ ಹರಿದು ಬರುತ್ತದೆ. ನಾನು ಅದನ್ನು ವಾರದಲ್ಲಿ ಕಲಿತೆ. ಕಷ್ಟವಾದದ್ದು ಗಲ್ಫ್ ಕೆಲಸದ ಪೈಪ್ ಟೆಸ್ಟು. ಪೈಪನ್ನು 45 ಡಿಗ್ರಿ ಓರೆಯಾಗಿ ಕಟ್ಟಿರುತ್ತಾರೆ, ಅದು ಅಲುಗುವುದಿಲ್ಲ, ಸುತ್ತ ನಾವೇ ಬಾಗಿ ಬಳುಕಬೇಕು. ಮುಂಬೈಗೆ ಎರಡು ಸಲ ಹೋದೆ. ಎರಡೂ ಸಲ ಎಕ್ಸ್‌ರೇಯಲ್ಲಿ ರೂಟ್, ಅಂದರೆ ಬೆಸುಗೆಯ ಬುಡ, ಕೂಡಿರಲಿಲ್ಲ. ವಾಪಸ್ ಬಂದು ಶೆಡ್ಡು ಹಾಕಿದೆ.

ಈಗ ತಂಗಿಯ ಮಗ ವೆಲ್ಡರ್ ಟ್ರೇಡಿನಲ್ಲೇ ಇದ್ದಾನೆ, ಅದೂ ಕೇಳಿ ಪಡೆದು. 2022ರಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಹೊಸದು ಮಾಡಿದ ಸುದ್ದಿ ಪೇಪರಿನಲ್ಲಿ ಓದಿದ್ದೆ. ಕಣ್ಣಾರೆ ನೋಡಿದ್ದು ಅವನ ಜೊತೆ ಹೋದಾಗಲೇ. ಕ್ಲಾಸಿನಲ್ಲಿ ಮೂವರು ಹುಡುಗಿಯರು. ಒಬ್ಬಳು ನನ್ನ ಕಡೆ ಲಕ್ಷ್ಯವೂ ಕೊಡದೆ ವರ್ಟಿಕಲ್ ಬೀಡು ಏರಿಸುತ್ತಿದ್ದಳು. ಮೂಲೆಯಲ್ಲಿ ಸಿಮ್ಯುಲೇಟರ್ ಅನ್ನುವ ಯಂತ್ರ. ರಾಡಿಲ್ಲ, ಕಿಡಿಯಿಲ್ಲ, ತಲೆಗೆ ಹೆಲ್ಮೆಟ್ಟು ಹಾಕಿಕೊಂಡರೆ ಒಳಗೇ ಪ್ಲೇಟು ಕಾಣುತ್ತದೆ. ಹಾಕಿಕೊಂಡೆ. ಮುಗಿದ ಮೇಲೆ ಪರದೆಯ ಮೇಲೆ 58 ಅಂತ ಬಂತು.

"ಮಾಮಾ, ನಿಮ್ಮ ಸ್ಪೀಡ್ ಕಡಿಮಿ ಆತು. ರಾಡೂ ದೂರ ಹೋತು," ಅಂದ.

ದಿನಕ್ಕೆ ಐದು ರಾಡಿನ ಕಾಲದಲ್ಲಿ ಇದಿದ್ದರೆ ಎಷ್ಟು ಉಳಿತಾಯವಾಗುತ್ತಿತ್ತು ಅನ್ನಿಸಿತು, 58ರ ಸಿಟ್ಟಿನ ನಡುವೆಯೂ.

ನಿಜವಾದ ಬೂತಿಗೆ ಹೋಗೋಣ ಅಂದೆ. ಅವನು ಪರದೆ ಎಳೆದುಕೊಂಡು ಒಳಗೆ ಕುಳಿತ. ನಾನು ಹೊರಗೆ ಬೆನ್ನು ಮಾಡಿ ನಿಂತೆ, ನಮ್ಮ ಸರ್ ನಿಲ್ಲುತ್ತಿದ್ದ ಹಾಗೆ. ಗೋಡೆಯ ಮೇಲೆ ನೀಲಿ ಬೆಳಕು ನಡುಗಿತು, ಹೊಗೆಯ ವಾಸನೆ ಬಂತು. ಸದ್ದು ಮಾತ್ರ ಎಲ್ಲೋ ಬಾವಿಯ ತಳದಿಂದ ಬಂದಂತೆ. ಕರಿಯುತ್ತಿದೆಯೋ ಸಿಡಿಯುತ್ತಿದೆಯೋ ತಿಳಿಯಲಿಲ್ಲ. ಎಡಗಿವಿ ತಿರುಗಿಸಿದೆ, ಬಲಗಿವಿ ತಿರುಗಿಸಿದೆ.

ಹುಡುಗ ಪರದೆ ಸರಿಸಿ ಇಣುಕಿದ. "ಹೆಂಗ ಕೇಳ್ತು ಮಾಮಾ?"

"ಮೊದಲ ಸ್ಲ್ಯಾಗ್ ಬಡಿ," ಅಂದೆ. "ನೋಡೇ ಹೇಳತೀನಿ."